ಕಡಲೆಬೀಜ, ಮೊಟ್ಟೆ, ಆಲೂಗಡ್ಡೆ: ಲಿಪಿಡ್ ಮತ್ತು ಪ್ರೋಟೀನ್‌ಗಳನ್ನು ಅಡುಗೆಮನೆಯಲ್ಲೇ ನೋಡುವುದು ಹೇಗೆ?

ಜನವರಿಯ ಬೆಳಿಗ್ಗೆ ಬೆಂಗಳೂರಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ಬಗ್ಗಿಸಿದರೆ ಒಂದು ಹನಿಯೂ ಬೀಳುವುದಿಲ್ಲ. ಬಿಸಿನೀರಿನಲ್ಲಿಟ್ಟು ಕರಗಿಸಿಕೊಳ್ಳಬೇಕು. ಅದೇ ಮನೆಯ ಸೂರ್ಯಕಾಂತಿ ಎಣ್ಣೆಗೆ ಏನೂ ಆಗಿರುವುದಿಲ್ಲ. ಎರಡೂ ಎಣ್ಣೆಯೇ ಅಲ್ವಾ? ಎರಡರಲ್ಲೂ ಇರುವುದು ಹೆಚ್ಚೂಕಡಿಮೆ ಇಂಗಾಲ, ಜಲಜನಕ, ಆಮ್ಲಜನಕ ಅಷ್ಟೇ. ವ್ಯತ್ಯಾಸ ಇರುವುದು ಅಣುವಿನ ಆಕಾರದಲ್ಲಿ. ಲಿಪಿಡ್ (ಎಣ್ಣೆ, ಕೊಬ್ಬಿನ ಜಾತಿಯ ವಸ್ತು) ಇರಲಿ, ಪ್ರೋಟೀನ್ ಇರಲಿ, ಜೀವಿಯ ಒಳಗೆ ಅದು ಮಾಡುವ ಕೆಲಸ ಅದರ ಆಕಾರವನ್ನೇ ನಂಬಿಕೊಂಡಿದೆ. ಪಿಯುಸಿ ಮಕ್ಕಳು ಇದನ್ನು ಚಿತ್ರ ನೋಡಿ ಬಾಯಿಪಾಠ ಮಾಡುತ್ತಾರೆ. ಮೊದಲು ಕಣ್ಣಾರೆ ನೋಡಿ ಆಮೇಲೆ ಪುಸ್ತಕ ತೆರೆದರೆ ತಲೆಯಲ್ಲಿ ಚೆನ್ನಾಗಿ ಕೂರುತ್ತದೆ ಎಂಬುದು ನನ್ನ ನಂಬಿಕೆ. ಒಂದು ಭಾನುವಾರ ಸಾಕು.

ಒಂದು ಹಿಡಿ ಹಸಿ ಕಡಲೆಬೀಜ, ಬಿಳಿ ಹಾಳೆ, ಆ ಎರಡು ಎಣ್ಣೆ, ಒಂದು ಮೊಟ್ಟೆ, ನಿಂಬೆಹಣ್ಣು, ಆಲೂಗಡ್ಡೆ ತೆಗೆದಿಡಿ. ಗಾಯ ತೊಳೆಯಲು ಕೊಡುವ ಹೈಡ್ರೋಜನ್ ಪೆರಾಕ್ಸೈಡ್ ಮೆಡಿಕಲ್ ಸ್ಟೋರ್‌ನಲ್ಲಿ ಸಿಗುತ್ತದೆ. ಆ ಬಾಟಲಿ ಮಾತ್ರ ದೊಡ್ಡವರ ಕೈಯಲ್ಲೇ ಇರಲಿ. ಕಣ್ಣಿಗೆ, ಬಾಯಿಗೆ ತಾಗಬಾರದು. ಕಡಲೆಕಾಯಿ ಅಲರ್ಜಿ ಇರುವವರು ಬೀಜ ಮುಟ್ಟುವುದು ಬೇಡ. ಆ ಅಲರ್ಜಿಗೆ ಕಾರಣವೂ ಬೀಜದೊಳಗಿನ ಪ್ರೋಟೀನ್‌ಗಳೇ.

ಮೊದಲು ಕಲೆ ಮಾಡಿ

ಬಸವನಗುಡಿಯ ಕಡಲೆಕಾಯಿ ಪರಿಷೆಯಿಂದ ತಂದ ಕಾಯಿ ಉಳಿದಿದ್ದರೆ ಅದನ್ನೇ ಸುಲಿಯಿರಿ. ಬೀಜವನ್ನು ಹಾಳೆಯ ಮೇಲಿಟ್ಟು ಬಟ್ಟಲಿನ ತಳದಿಂದ ಜಜ್ಜಿ. ಪಕ್ಕದಲ್ಲಿ ಒಂದು ಹನಿ ನೀರು ಹಾಕಿ. ಅರ್ಧ ಗಂಟೆಯ ನಂತರ ಬೆಳಕಿಗೆ ಹಿಡಿಯಿರಿ. ನೀರಿನ ಗುರುತು ಆರಿಹೋಗಿರುತ್ತದೆ. ಎಣ್ಣೆಯ ಕಲೆ ಹಾಗೇ ಇರುತ್ತದೆ, ಅದರ ಮೂಲಕ ಬೆಳಕು ಹಾಯುತ್ತದೆ.

ಕಡಲೆಬೀಜದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆ, ಸುಮಾರು ಕಾಲು ಭಾಗ ಪ್ರೋಟೀನ್. ಗಿಡಕ್ಕೆ ಇಷ್ಟೊಂದು ಎಣ್ಣೆ ಯಾಕೆ ಬೇಕು? ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೋಕ್ಯಾಲರಿ ಶಕ್ತಿ ಇದೆ. ಪಿಷ್ಟ, ಪ್ರೋಟೀನ್‌ಗಳಲ್ಲಿ ಇರುವುದು 4 ಮಾತ್ರ. ಚಿಕ್ಕ ಬೀಜದಲ್ಲಿ ಮೊಳಕೆಗೆ ಬೇಕಾದ ಬುತ್ತಿ ಕಟ್ಟಿಡಲು ಕೊಬ್ಬೇ ಒಳ್ಳೆಯದು. ಆ ಎಣ್ಣೆ ಬೀಜದೊಳಗೆ ಸುಮ್ನೆ ತುಂಬಿಕೊಂಡಿರುವುದಿಲ್ಲ. ತೀರಾ ಸಣ್ಣ ಹನಿಗಳಾಗಿರುತ್ತದೆ. ಪ್ರತಿ ಹನಿಯ ಸುತ್ತ ಫಾಸ್ಫೋಲಿಪಿಡ್ ಎಂಬ ಬಗೆಯ ಲಿಪಿಡ್‌ನ ಒಂದು ಪದರ, ಅದರಲ್ಲಿ ನಾಟಿಕೊಂಡ ಒಲಿಯೋಸಿನ್ ಎಂಬ ಪ್ರೋಟೀನ್. ಬೀಜ ಒಣಗಿದರೂ ಹನಿಗಳು ಒಂದಕ್ಕೊಂದು ಸೇರಿಹೋಗದಂತೆ ಇವು ತಡೆಯುತ್ತವೆ. ಲಿಪಿಡ್ ಮತ್ತು ಪ್ರೋಟೀನ್ ಕೂಡಿ ಕೆಲಸ ಮಾಡುವುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ.

ಎಣ್ಣೆಗಳನ್ನು ಫ್ರಿಜ್‌ನಲ್ಲಿಡಿ

ಎರಡು ಬಟ್ಟಲಿಗೆ ಎರಡೆರಡು ಚಮಚ ಎಣ್ಣೆ ಹಾಕಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗುತ್ತದೆ, ಇನ್ನೊಂದು ನೀರಾಗಿಯೇ ಇರುತ್ತದೆ. ಎಣ್ಣೆಯ ಅಣುವಿನಲ್ಲಿ ಗ್ಲಿಸರಾಲ್ ಎಂಬ ಸಣ್ಣ ತುಂಡಿಗೆ ಮೂರು ಉದ್ದನೆಯ ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು 90% ಕೊಬ್ಬಿನಾಮ್ಲಗಳು ಸ್ಯಾಚುರೇಟೆಡ್, ಅಂದರೆ ಜೋಡಿ ಬಂಧವಿಲ್ಲದ, ನೆಟ್ಟಗಿನವು. ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚಿನವಕ್ಕೆ ಜೋಡಿ ಬಂಧ ಇರುವ ಕಡೆ ಡೊಂಕು ಇರುತ್ತದೆ. ನೆಟ್ಟಗಿನ ಕಬ್ಬಿನ ಜಲ್ಲೆಗಳನ್ನು ಬಿಗಿಯಾಗಿ ಹೊರೆ ಕಟ್ಟಬಹುದು, ಸೊಟ್ಟ ಜಲ್ಲೆಗಳ ಹೊರೆ ಸಡಿಲವಾಗಿಯೇ ಉಳಿಯುತ್ತದೆ. ಇಲ್ಲಿ ಆಗುವುದೂ ಅದೇ. ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24 ಡಿಗ್ರಿಯಲ್ಲಿ. ನಮ್ಮೂರಿನ ಚಳಿಗಾಲದ ಬೆಳಿಗ್ಗೆಗಳು ಅದಕ್ಕಿಂತ ತುಂಬಾ ತಂಪು.

ಈಗ ಸಣ್ಣ ಬಾಟಲಿಯಲ್ಲಿ ನೀರು, ಸ್ವಲ್ಪ ಸೂರ್ಯಕಾಂತಿ ಎಣ್ಣೆ ಹಾಕಿ ಕುಲುಕಿ. ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ. ಮೊಟ್ಟೆಯ ಬಿಳಿಯನ್ನು ಬೇರೆ ತೆಗೆದಿಟ್ಟು, ಒಂದು ಚಮಚ ಹಳದಿ ಸೇರಿಸಿ ಜೋರಾಗಿ ಕುಲುಕಿ. ಈ ಸಲ ಬೇಗ ಬೇರೆಯಾಗುವುದಿಲ್ಲ. ಹಳದಿಯಲ್ಲಿರುವ ಲೆಸಿಥಿನ್ ಒಂದು ಫಾಸ್ಫೋಲಿಪಿಡ್. ಅದರ ತಲೆ ನೀರಿನ ಕಡೆಗೆ, ಎರಡು ಬಾಲಗಳು ಎಣ್ಣೆಯ ಕಡೆಗೆ ತಿರುಗುತ್ತವೆ. ಸುತ್ತಲೂ ನೀರೇ ಇದ್ದರೆ ಇಂಥ ಅಣುಗಳು ಬಾಲಗಳನ್ನು ಒಳಗೆ ಮುಚ್ಚಿಟ್ಟು ಎರಡು ಪದರಗಳಾಗಿ ನಿಲ್ಲುತ್ತವೆ. ಜೀವಕೋಶದ ಪೊರೆಯ ಮೂಲ ರಚನೆ ಇದೇ. ದಪ್ಪ ಸುಮಾರು 5 ನ್ಯಾನೋಮೀಟರ್, ಮಿಲಿಮೀಟರಿನ ಎರಡು ಲಕ್ಷದಲ್ಲಿ ಒಂದು ಭಾಗ. ಎಲ್ಲರೂ ಬೈಯುವ ಕೊಲೆಸ್ಟರಾಲ್ ಕೂಡ ನಮ್ಮ ಈ ಪೊರೆಗೆ ಬೇಕು, ಹಾರ್ಮೋನ್‌ಗಳಿಗೂ ಬೇಕು. ರಕ್ತದಲ್ಲಿ ಜಾಸ್ತಿಯಾದರೆ ತೊಂದರೆ, ನಿಜ. ಆದರೆ ಕೊಬ್ಬು ಎಂದರೆ ಶತ್ರು ಎಂದು ಮಕ್ಕಳಿಗೆ ಹೇಳಿಕೊಡುವುದು ಸರಿಯಲ್ಲ.

ಮೊಟ್ಟೆಯ ಬಿಳಿಯನ್ನು ಎರಡು ಭಾಗ ಮಾಡಿ

ಒಂದಕ್ಕೆ ನಿಂಬೆರಸ ಹಿಂಡಿ, ಇನ್ನೊಂದಕ್ಕೆ ಕುದಿಯುವ ನೀರು ಸುರಿಯಿರಿ. ನಿಂಬೆರಸದ್ದು ನಿಧಾನವಾಗಿ ಬೆಳ್ಳಗಾಗುತ್ತದೆ, ಬಿಸಿನೀರಿನದು ತಕ್ಷಣ ಗಟ್ಟಿಯಾಗುತ್ತದೆ. ಮೊಟ್ಟೆ ತರದ ಮನೆಯಲ್ಲಿ ಬಿಸಿ ಹಾಲಿಗೆ ನಿಂಬೆ ಹಿಂಡಿ. ಅಲ್ಲಿ ಒಡೆಯುವುದು ಕೇಸಿನ್ ಎಂಬ ಪ್ರೋಟೀನ್.

ಪ್ರೋಟೀನ್ ಎಂದರೆ 20 ಬಗೆಯ ಅಮೈನೋ ಆಮ್ಲಗಳು ಸಾಲಾಗಿ ಸೇರಿದ ಸರಪಳಿ. ಮೊಟ್ಟೆಯ ಬಿಳಿಯಲ್ಲಿ ಹೆಚ್ಚಾಗಿರುವ ಒವಾಲ್ಬುಮಿನ್‌ನಲ್ಲಿ ಇಂಥವು 385 ಇವೆ. ಸರಪಳಿ ಕೆಲವೆಡೆ ಸುರುಳಿಯಾಗುತ್ತದೆ, ಕೆಲವೆಡೆ ಹಾಳೆಯಂತೆ ಹರಡುತ್ತದೆ, ಕೊನೆಗೆ ಎಲ್ಲವೂ ಮಡಚಿ ಒಂದು ನಿರ್ದಿಷ್ಟ ಆಕಾರಕ್ಕೆ ಬರುತ್ತದೆ. ಶಾಖ ಮತ್ತು ಹುಳಿ ಆ ಮಡಿಕೆಯನ್ನು ಬಿಚ್ಚುತ್ತವೆ. ಸರಪಳಿ ತುಂಡಾಗುವುದಿಲ್ಲ. ಬಿಚ್ಚಿದ ಸರಪಳಿಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಬಿಳಿ ಗಟ್ಟಿಯಾಗಲು ಶುರುವಾಗುವುದು 60 ದಾಟಿದ ಮೇಲೆ. ಹಾಗಾಗಿ ಈ ಪ್ರಯೋಗಕ್ಕೆ ಅಡ್ಡಿಯಿಲ್ಲ.

ಸರಪಳಿ ಯಾವ್ಯಾವ ಕೋನದಲ್ಲಿ ತಿರುಗಬಲ್ಲದು ಎಂಬುದನ್ನು 1963ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಭೌತವಿಜ್ಞಾನಿ ಜಿ.ಎನ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು. ಆ ರಾಮಚಂದ್ರನ್ ನಕ್ಷೆಯನ್ನು ಇಂದಿಗೂ ಜಗತ್ತಿನ ಎಲ್ಲೆಡೆ ಬಳಸುತ್ತಾರೆ. ಅವರು ಓದಿದ್ದು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ.ವಿ. ರಾಮನ್ ಅವರ ಬಳಿ. ಮದ್ರಾಸಿನಲ್ಲಿ ಈ ಕೆಲಸ ಮಾಡಿ, 1970ರ ದಶಕದ ಆರಂಭದಲ್ಲಿ ಇಲ್ಲಿಗೆ ಮರಳಿ ಮಾಲೆಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಯಶವಂತಪುರದ ಕಡೆ ಹೋಗುವ ಮಕ್ಕಳಿಗೆ ಆ ಕ್ಯಾಂಪಸ್ ತೋರಿಸಿ ಇದನ್ನು ಹೇಳಬೇಕು.

ಆಲೂಗಡ್ಡೆಯ ನೊರೆ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಹಸಿ ಆಲೂಗಡ್ಡೆಯ ಒಂದು ಚೂರು, ಚೆನ್ನಾಗಿ ಬೇಯಿಸಿ ಆರಿಸಿದ ಒಂದು ಚೂರು ಬೇರೆ ಬೇರೆ ಲೋಟದಲ್ಲಿಡಿ. ಎರಡಕ್ಕೂ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ. ಹಸಿ ಚೂರಿನ ಸುತ್ತ ನೊರೆ ಉಕ್ಕುತ್ತದೆ. ಬೆಂದದ್ದು ತೆಪ್ಪಗಿರುತ್ತದೆ.

ನೊರೆ ಬರಿಸಿದ್ದು ಕ್ಯಾಟಲೇಸ್ ಎಂಬ ಕಿಣ್ವ. ಅದೂ ಪ್ರೋಟೀನೇ. ಕೋಶದೊಳಗೆ ಹುಟ್ಟುವ ಪೆರಾಕ್ಸೈಡ್ ವಿಷವನ್ನು ಅದು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಒಂದು ಕ್ಯಾಟಲೇಸ್ ಅಣು ಸೆಕೆಂಡಿಗೆ ಲಕ್ಷಾಂತರ ಪೆರಾಕ್ಸೈಡ್ ಅಣುಗಳನ್ನು ಮುಗಿಸಬಲ್ಲದು. ಬೆಂದ ಚೂರಿನಲ್ಲೂ ಅದೇ ಅಮೈನೋ ಆಮ್ಲಗಳು ಅದೇ ಸಾಲಿನಲ್ಲಿವೆ. ಮಡಿಕೆ ಹೋಯಿತು, ಕೆಲಸವೂ ನಿಂತಿತು.

ಕೆಲವೊಮ್ಮೆ ಸಾಲಿನಲ್ಲೇ ತಪ್ಪಾಗುತ್ತದೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಸರಪಳಿಗಳಿವೆ. ಅವುಗಳಲ್ಲಿ ಬೀಟಾ ಎಂಬ ಸರಪಳಿಯ 146 ಅಮೈನೋ ಆಮ್ಲಗಳಲ್ಲಿ 6ನೆಯದು ಒಂದೇ ಬದಲಾದರೂ ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುತ್ತದೆ. ಅದೇ ಸಿಕಲ್ ಸೆಲ್ ಕಾಯಿಲೆ. ನಮ್ಮ ರಾಜ್ಯದ ಕೆಲವು ಬುಡಕಟ್ಟು ಸಮುದಾಯಗಳೂ ಇದರ ನೋವು ಉಣ್ಣುತ್ತಿವೆ.

ಪ್ರೋಟೀನ್ ಇದೆಯೇ ಎಂದು ತಿಳಿಯಲು ಇನ್ನೊಂದು ಪರೀಕ್ಷೆ ಇದೆ, ಅದನ್ನು ಮನೆಯಲ್ಲಿ ಮಾಡಬೇಡಿ. ಅದಕ್ಕೆ ಮೈಲುತುತ್ತ ಮತ್ತು ಕಾಸ್ಟಿಕ್ ಸೋಡಾ ಬೇಕು, ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆ. ಕಡಲೆಬೀಜ ನೆನೆಸಿ, ರುಬ್ಬಿ, ಸೋಸಿದ ಹಾಲನ್ನು ಪುಟ್ಟ ಬಾಟಲಿಯಲ್ಲಿ ಶಾಲೆಯ ಲ್ಯಾಬ್‌ಗೆ ಒಯ್ದು ಮೇಡಂ ಅಥವಾ ಸರ್ ಅವರನ್ನು ಬೈಯುರೆಟ್ (biuret) ಪರೀಕ್ಷೆ ಮಾಡಿ ತೋರಿಸಲು ಕೇಳಿ. ಪ್ರೋಟೀನ್ ಇದ್ದರೆ ಮೈಲುತುತ್ತದ ನೀಲಿ ಬಣ್ಣ ನೇರಳೆಗೆ ತಿರುಗುತ್ತದೆ. ಪಕ್ಕದ ಪ್ರನಾಳಕ್ಕೆ ಬರೀ ಸೂರ್ಯಕಾಂತಿ ಎಣ್ಣೆ ಹಾಕಿಸಿ. ಅಲ್ಲಿ ನೇರಳೆ ಬಣ್ಣ ಬರುವುದಿಲ್ಲ.