ಫ್ರಾನ್ಸಿನ ಸರ್ಕಾರಿ ಶಾಲೆಯಲ್ಲಿ ಕುಂಕುಮ, ಜನಿವಾರ, ಹಬ್ಬದ ರಜೆ

ಫ್ರಾನ್ಸಿಗೆ ಬಂದ ನಮ್ಮವರಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಒಂದು ಆತಂಕ ಇದ್ದೇ ಇರುತ್ತದೆ. ಇಲ್ಲಿ ದೇವರ ಹೆಸರೇ ಎತ್ತಬಾರದಾ? ಹಾಗೇನಿಲ್ಲ. ಧರ್ಮವನ್ನು ಸರ್ಕಾರದಿಂದ ಬೇರೆ ಮಾಡಿದ 1905ರ ಕಾನೂನು ಮೊದಲ ಕಲಮಿನಲ್ಲೇ ನಂಬಿಕೆಯ ಸ್ವಾತಂತ್ರ್ಯಕ್ಕೆ ಭರವಸೆ ಕೊಡುತ್ತದೆ. ಬಿಗಿ ಇರುವುದು ಸರ್ಕಾರದ ಪರವಾಗಿ ಕೆಲಸ ಮಾಡುವವರಿಗೆ. ಹಾಗಾಗಿ ಎಲ್ಲಿಗೆ ಹೋದರೂ, ಅಲ್ಲಿ ನೀವು ಯಾರು ಅನ್ನುವುದನ್ನು ಮೊದಲು ನೋಡಿಕೊಳ್ಳಿ. ಸರ್ಕಾರಿ ಆಸ್ಪತ್ರೆಯ ನರ್ಸ್ ಧರ್ಮದ ಗುರುತು ತೊಡುವಂತಿಲ್ಲ. ಅವರು ನೋಡಿಕೊಳ್ಳುವ ರೋಗಿ, ಚಿಕಿತ್ಸೆಗೆ ಅಡ್ಡಿಯಾಗದಂತೆ ಪ್ರಾರ್ಥನೆ ಮಾಡಬಹುದು. ಯೂನಿವರ್ಸಿಟಿ ವಿದ್ಯಾರ್ಥಿಗೂ ತಡೆಯಿಲ್ಲ. ಆದರೆ ಪಿಎಚ್‌ಡಿ ಜೊತೆಗೆ ಅಲ್ಲೇ ಪಾಠ ಮಾಡುವ ಕೆಲಸವೂ ಇದ್ದರೆ ನೀವು ಸಿಬ್ಬಂದಿಯೇ.

ಶಾಲೆಯ ಲೆಕ್ಕ ಮಾತ್ರ ಬೇರೆ. 2004ರ ಕಾನೂನಿನ ಪ್ರಕಾರ ಸರ್ಕಾರಿ ಶಾಲೆಯ ಮಕ್ಕಳೂ ಧರ್ಮವನ್ನು ಎದ್ದು ತೋರಿಸುವ ಗುರುತು, ಬಟ್ಟೆ ಹಾಕುವಂತಿಲ್ಲ. ಸಿಖ್ ಹುಡುಗರ ತಲೆವಸ್ತ್ರಕ್ಕೂ ಇದು ಅನ್ವಯಿಸಿದೆ. ಕಣ್ಣಿಗೆ ರಾಚದ ಚಿಕ್ಕ ಪದಕ ಪರವಾಗಿಲ್ಲ. ಅಂಗಿಯೊಳಗಿನ ಜನಿವಾರ ಯಾರಿಗೂ ಕಾಣುವುದಿಲ್ಲ, ಅದರ ಚಿಂತೆ ಬೇಡ. ಕುಂಕುಮದ ಹೆಸರು ಕಾನೂನಿನಲ್ಲಿಲ್ಲ. ಚಿಕ್ಕ ಬೊಟ್ಟಿಗೂ ಹಣೆ ತುಂಬ ಬಳಿದ ವಿಭೂತಿಗೂ ವ್ಯತ್ಯಾಸ ಇದೆ, ಅಲ್ವಾ? ಎರಡನೆಯದಕ್ಕೆ ಆಕ್ಷೇಪ ಬರಬಹುದು ಅನ್ನುವುದು ನನ್ನ ಅಂದಾಜು. ಬಂದರೆ ಗಾಬರಿ ಬೀಳಬೇಡಿ. ಶಿಸ್ತುಕ್ರಮಕ್ಕೆ ಮುಂಚೆ ಮಗುವಿನ ಜೊತೆ ಮಾತುಕತೆ ಆಗಲೇಬೇಕು. ಇದು ಆ ಕಾನೂನಿನಲ್ಲೇ ಬರೆದಿರುವ ಮಾತು. ಶಾಲೆ ಮರೆತಿದ್ದರೆ ನೀವು ನೆನಪಿಸಿ.

ಊಟದ ವಿಷಯದಲ್ಲಿ ಹಕ್ಕಿಗಿಂತ ವಿನಂತಿ ಜಾಸ್ತಿ ಕೆಲಸ ಮಾಡುತ್ತದೆ. ಧರ್ಮದ ಕಾರಣಕ್ಕೆ ಬೇರೆ ಅಡುಗೆ ಕೊಡಲೇಬೇಕೆಂದಿಲ್ಲ, ಕೊಡಬಾರದೆಂದೂ ಇಲ್ಲ ಎಂದು ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ 2020ರಲ್ಲಿ ಹೇಳಿತು. ಪ್ರೈಮರಿ ಶಾಲೆಯ ಕ್ಯಾಂಟೀನ್ ನಡೆಸುವುದು ಪುರಸಭೆ. ಹಾಗಾಗಿ ಟೀಚರ್ ಹತ್ತಿರ ಸುಮ್ನೆ ವಾದ ಮಾಡದೆ ಅಲ್ಲಿಗೇ ಹೋಗಿ. ವಾರಕ್ಕೊಂದು ಸಲವಾದರೂ ಸಸ್ಯಾಹಾರದ ಊಟ ಇಡುವುದು ಶಾಲೆಯ ಕ್ಯಾಂಟೀನಿಗೆ ಕಡ್ಡಾಯ. ಆದರೆ ಅವರ ಸಸ್ಯಾಹಾರದಲ್ಲಿ ಮೊಟ್ಟೆ ಇರುತ್ತದೆ. ಆಮ್ಲೆಟ್ ಬಡಿಸಿದರೆ ಏನು ಮಾಡಬೇಕೆಂದು ಮಗುವಿಗೆ ಮೊದಲೇ ಹೇಳಿಕೊಟ್ಟಿರಿ.

ಗೃಹಪ್ರವೇಶ, ಉಪನಯನ, ಹಬ್ಬಕ್ಕೆ ರಜೆ ಬೇಕಾದರೆ ಮುಖ್ಯಸ್ಥರಿಗೆ ಮುಂಚಿತವಾಗಿ ಪತ್ರ ಬರೆಯಿರಿ. ಶಿಕ್ಷಣ ಕಾನೂನು ಒಪ್ಪುವ ಕಾರಣಗಳಲ್ಲಿ ಕುಟುಂಬದ ಮುಖ್ಯ ಸಮಾರಂಭವೂ ಒಂದು. ಉಪನಯನಕ್ಕೆ ಆ ಕಾರಣವೇ ಸಾಕು. ಪರೀಕ್ಷೆಯ ದಿನ ಮಾತ್ರ ಕೇಳಬೇಡಿ.