ವಿಟಮಿನ್ ಇ ಕೊಳ್ಳುವ ಮೊದಲು ಸ್ಟ್ರಿಪ್ ತಿರುಗಿಸಿ ನೋಡಿ

ತೀರ್ಥಹಳ್ಳಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. "ಕೊಲೆಸ್ಟ್ರಾಲ್ ಜಾಸ್ತಿ ಬಂದಿದೆ, ಆ ಹಸಿರು ಕ್ಯಾಪ್ಸೂಲ್ ಕೊಡಿ ಮಾರಾಯ್ರೆ" ಅಂತ ಕೇಳುವವರು ಬಹಳ. ನಾನು ಮೊದಲು ಸ್ಟ್ರಿಪ್ ತಿರುಗಿಸಿ ತೋರಿಸುತ್ತೇನೆ.

ಹಿಂದೆ ಸಣ್ಣಕ್ಷರದಲ್ಲಿ 'ಟೋಕೋಫೆರಿಲ್ ಅಸಿಟೇಟ್' ಅಂತಿದ್ದರೆ ಅದು ಆಲ್ಫಾ ಟೋಕೋಫೆರಾಲ್, ಅಂದರೆ ವಿಟಮಿನ್ ಇ ಯ ಒಂದು ಬಗೆ. ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಅಲ್ಲ. 2000ದಲ್ಲಿ ಪ್ರಕಟವಾದ 'ಹೋಪ್' ಅಧ್ಯಯನದಲ್ಲಿ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಕೊಟ್ಟು ವರ್ಷಗಟ್ಟಲೆ ನೋಡಿದರು. ಹೃದಯಾಘಾತವೂ ಕಮ್ಮಿಯಾಗಲಿಲ್ಲ.

ವಿಟಮಿನ್ ಇ ಅಂದರೆ ಒಂದೇ ವಸ್ತು ಅಲ್ಲ, ಎಂಟು. ನಾಲ್ಕು ಟೋಕೋಫೆರಾಲ್, ನಾಲ್ಕು ಟೋಕೋಟ್ರೈಈನಾಲ್. ಕುತೂಹಲ ಇರುವುದು ಈ ಎರಡನೇ ಗುಂಪಿನ ಮೇಲೆ. ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಿಸುವ ಒಂದು ಕಿಣ್ವವನ್ನು ಇವು ತಗ್ಗಿಸುತ್ತವೆ. ಕೊಲೆಸ್ಟ್ರಾಲ್ ಇಳಿಸಲು ಡಾಕ್ಟರು ಬರೆದುಕೊಡುವ ಸ್ಟ್ಯಾಟಿನ್ ಮಾತ್ರೆ ತಡೆಯುವುದೂ ಅದೇ ಕಿಣ್ವವನ್ನೇ. ಆದರೆ ಲ್ಯಾಬಿನಲ್ಲಿ ಕಂಡಷ್ಟು ಚೆಂದ ಮನುಷ್ಯರಲ್ಲಿ ಕಂಡಿಲ್ಲ. ಕೆಲವು ಪ್ರಯೋಗಗಳಲ್ಲಿ ಇಳಿಯಿತು, ಕೆಲವುದರಲ್ಲಿ ಏನೂ ಆಗಲಿಲ್ಲ. ಹಾಗಾಗಿ ಸ್ಟ್ಯಾಟಿನ್ ಬಿಟ್ಟು ಇದನ್ನು ಹಿಡಿಯಬೇಡಿ.

ಟೋಕೋಟ್ರೈಈನಾಲ್ ಬೇಕೆಂದರೆ ಅಕ್ಕಿ ತೌಡಿನ ಎಣ್ಣೆಯಲ್ಲಿದೆ. ಅದರಲ್ಲಿ ಕೊಲೆಸ್ಟ್ರಾಲ್ ಇಳಿಸಲು ನೆರವಾಗುವ ಒರೈಜನಾಲ್ ಅನ್ನುವ ವಸ್ತು ಕೂಡ ಇದೆ. ಒಗ್ಗರಣೆಗೆ ತೆಂಗಿನೆಣ್ಣೆ ಬದಲು ಅದನ್ನು ಹಾಕಿ. ಎರಡನ್ನೂ ಸುರಿದರೆ ಲಾಭವಿಲ್ಲ. (ಹಲಸಿನ ಹಪ್ಪಳ ಮಾತ್ರ ನನಗೆ ತೆಂಗಿನೆಣ್ಣೆಯಲ್ಲೇ ಕರಿಯಬೇಕು. ಅಪರೂಪಕ್ಕೆ, ಅಷ್ಟೆ.) ಎರಡು-ಮೂರು ತಿಂಗಳಾದ ಮೇಲೆ ಲಿಪಿಡ್ ಪ್ರೊಫೈಲ್ ಅನ್ನುವ ರಕ್ತ ಪರೀಕ್ಷೆ ಮಾಡಿಸಿ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಅಂಕಿಯನ್ನು ಹಿಂದಿನದರ ಜೊತೆ ಹೋಲಿಸಿ.

ಇನ್ನೊಂದು ಮಾತು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಸುಮ್ನೆ ವಿಟಮಿನ್ ಇ ನುಂಗಬಾರದು. ಜಾಸ್ತಿ ಡೋಸ್ ಆದರೆ ರಕ್ತಸ್ರಾವದ ಅಪಾಯ ಇದೆ. ಡಾಕ್ಟರ ಚೀಟಿ ತನ್ನಿ, ಆಮೇಲೆ ಕೊಡುತ್ತೇನೆ.