ಬಾರದ ಸಾಲದಲ್ಲಿ ಸಿಕ್ಕ ಕಬ್ಬಿಣದ ವರ್ತಕರು: ನನ್ನ ಅನುಭವ

17ನೇ ಶತಮಾನದ ಇಂಗ್ಲೆಂಡಿನ ಸ್ಟೌರ್‌ಬ್ರಿಡ್ಜ್, ಡಡ್ಲಿ ಕಡೆಯ ಕಬ್ಬಿಣದ ವರ್ತಕರನ್ನು ಹುಡುಕುವವರು ಸಾಮಾನ್ಯವಾಗಿ ಹೆಸರಿನಿಂದ ಶುರು ಮಾಡುತ್ತಾರೆ. ನಾನು ಕೊನೆಗೆ ಹಿಡಿದದ್ದು ಸತ್ತವರ ಆಸ್ತಿ ಪಟ್ಟಿಯಲ್ಲಿ ಬರೆದಿಟ್ಟ ಸಾಲಗಳನ್ನು. ‘ಸತ್ತವನ ಆಸ್ತಿ ಪಟ್ಟಿ ನೋಡಿ ವ್ಯಾಪಾರ ಅಳೆಯೋಕೆ ಆಗಲ್ಲ, ಅಷ್ಟು ಹೊತ್ತಿಗೆ ಎಲ್ಲಾ ಮಗನ ಕೈ ಸೇರಿರುತ್ತೆ’ ಅಂತ ತಿಳಿದವರೇ ಬೇಡ ಅಂದಿದ್ದರು. ಈಗ ನನ್ನ ಶೀಟಿನಲ್ಲಿ ನಲವತ್ತರ ಹತ್ತಿರ ವರ್ತಕರಿದ್ದಾರೆ, ಯಾರು ಯಾರಿಗೆ ಕೊಡಬೇಕಿತ್ತು ಅನ್ನುವ ಲೆಕ್ಕದ ಸಮೇತ.

ಹೆಸರು ಯಾಕೆ ಕೈ ಕೊಡುತ್ತದೆ ಅಂದರೆ, ಆಂಬ್ರೋಸ್ ಕ್ರೌಲಿಯನ್ನೇ ನೋಡಿ. ರೌಲಿಯಲ್ಲಿ ಮೊಳೆ ಬಡಿದ ತಾತ, ಸ್ಟೌರ್‌ಬ್ರಿಡ್ಜ್‌ನ ಅಪ್ಪ, ನೌಕಾಪಡೆಗೆ ಕಬ್ಬಿಣದ ಸಾಮಾನು ಕೊಟ್ಟು ಸರ್ ಆಗಿ 1713ರಲ್ಲಿ ತೀರಿಕೊಂಡ ಮಗ, ಮೂವರಿಗೂ ಅದೇ ಹೆಸರು. ಬಂದರು ಪುಸ್ತಕಗಳೂ, ಅಂದರೆ ಬಂದರಿನಲ್ಲಿ ಸರಕು ಬರೆದಿಡುತ್ತಿದ್ದ ಸುಂಕದ ದಾಖಲೆಗಳೂ, ಅಷ್ಟೇ. ಗ್ಲಾಸ್ಟರ್‌ನವು 1575ರಿಂದ 1765ರವರೆಗೆ ಡೇಟಾಬೇಸ್ ಆಗಿವೆ, ಸೆವರ್ನ್ ನದಿಯಲ್ಲಿ ಇಳಿದ ಕಬ್ಬಿಣ ಸಿಗುತ್ತದೆ, ಆದರೆ ಎಷ್ಟೋ ಕಡೆ ವರ್ತಕನ ಜಾಗದಲ್ಲಿ ದೋಣಿಯವನ ಹೆಸರೇ ಕೂತಿರುತ್ತದೆ. ತಿಂಗಳುಗಟ್ಟಲೆ ಅದರಲ್ಲೇ ಹೋಯಿತು. ಕೈಬರಹ ಓದುವ ಸಾಫ್ಟ್‌ವೇರ್‌ಗೆ ನೂರೈವತ್ತು ಪೌಂಡ್ ಆಸುಪಾಸು ಸುರಿದೆ. ಪದಗಳನ್ನು ಚೆನ್ನಾಗೇ ಓದಿತು. ಆದರೆ ರೋಮನ್ ಅಂಕಿಯ ಕೊನೆಯ ಐ ಅನ್ನು ಆಗಿನವರು ಜೆ ಥರ ಬರೆಯುತ್ತಿದ್ದರಲ್ಲ, ಅಲ್ಲೆಲ್ಲಾ ಲೆಕ್ಕ ಹಾಳು. ನಮಗೆ ಬೇಕಾದದ್ದೇ ಅಂಕಿ ಅಲ್ವಾ?

ಕೊನೆಗೆ ವೂಸ್ಟರ್‌ನ ಆರ್ಕೈವ್ಸ್‌ಗೆ ಹೋಗಿ ಆಸ್ತಿ ಪಟ್ಟಿಗಳ ಕೊನೆಯ ಭಾಗ ಮಾತ್ರ ಓದಿದೆ. ಮಂಚ, ತಪ್ಪಲೆ, ಹಸು ಎಲ್ಲಾ ಬಿಟ್ಟೆ. ಅಲ್ಲಿ ಸಾಲಗಳನ್ನು ಎರಡು ಭಾಗ ಮಾಡಿರುತ್ತಾರೆ, ಬರುವಂಥದ್ದು, ಬಾರದೇ ಇರುವಂಥದ್ದು. ಬಾರದ ಸಾಲವೇ ನಿಜವಾದ ನಿಧಿ. ಮುದುಕ ವ್ಯಾಪಾರ ಬಿಟ್ಟಿರಬಹುದು, ಆದರೆ ಜೋರಾಗಿ ನಡೆಸಿದ ಕಾಲದ ಬಾಕಿಗಳು ಅಲ್ಲೇ ಉಳಿದಿರುತ್ತವೆ. ಸಣ್ಣ ಮೊತ್ತಗಳು ಹೆಚ್ಚಾಗಿ ಮೊಳೆ ಬಡಿಯುವವರವು: ಸೀಳಿದ ಸರಳನ್ನು ತೂಕ ಮಾಡಿ ಒಯ್ದು, ಮನೆಯ ಕುಲುಮೆಯಲ್ಲಿ ಮೊಳೆ ಮಾಡಿ ವಾಪಸ್ ತಂದುಕೊಡುವವರು. ದೊಡ್ಡ ಮೊತ್ತ ಕಂಡರೆ ಆ ಹೆಸರಿನ ವಿಲ್ ತೆಗೆಯುತ್ತೇನೆ, ಆಮೇಲೆ ಚಾನ್ಸರಿ ಅನ್ನುವ ಲಂಡನ್ ಕೋರ್ಟಿನ ದಾವೆಗಳು. ಜಗಳದ ಅರ್ಜಿಗಳು ಲ್ಯಾಟಿನ್ನಲ್ಲಲ್ಲ, ಇಂಗ್ಲಿಷ್‌ನಲ್ಲೇ ಇರುತ್ತವೆ, ಯಾರು ಯಾರಿಗೆ ಲಂಡನ್ ಹುಂಡಿ ಕೊಟ್ಟರು ಅನ್ನುವುದೂ ಹೊರಗೆ ಬರುತ್ತದೆ. ಒಂದೇ ಊರಿನ ಒಂದೇ ಹೆಸರಿನ ಇಬ್ಬರನ್ನು ಬೇರೆ ಮಾಡುವ ಉಪಾಯವೂ ಸಿಕ್ಕಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಧ್ಯೆ ಸುಮ್ನೆ ಸ್ವೀಡನ್ ಕಬ್ಬಿಣದ ಬೆನ್ನು ಹತ್ತಿ ಡೆನ್ಮಾರ್ಕಿನ ಸೌಂಡ್ ಸುಂಕದ, ಅಂದರೆ ಡೆನ್ಮಾರ್ಕ್-ಸ್ವೀಡನ್ ಮಧ್ಯದ ಸೌಂಡ್ ಜಲಸಂಧಿ ದಾಟುವ ಹಡಗುಗಳ ಸುಂಕದ, ದಾಖಲೆ ಜಾಲಾಡಿದೆ. ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಅಲ್ಲಿರುವುದು ಹಡಗಿನ ಯಜಮಾನರ ಹೆಸರು, ಮತ್ತೆ ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ ಇಂಗ್ಲೆಂಡಿಗೆ ಹೊರಟ ಕಬ್ಬಿಣ ಆ ಜಲಸಂಧಿ ದಾಟುವುದೇ ಇಲ್ಲ. ವರ್ತಕರಿಗಾಗಿ ಅಲ್ಲಿ ಹೋಗಬೇಡಿ.

ರೈಲು, ಫೋಟೋ ಪರ್ಮಿಟ್, ಕಾಪಿ ಎಲ್ಲಾ ಸೇರಿ ನಾನೂರು ಪೌಂಡ್ ಆಗಿರಬೇಕು. ಲಂಡನ್ನಿನ ಕ್ಯೂ (Kew) ಅನ್ನುವಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಸ್ವಂತ ಕ್ಯಾಮೆರಾಗೆ ದುಡ್ಡು ಕೇಳುವುದಿಲ್ಲ, ಜಾಸ್ತಿ ಫೋಟೋ ಅಲ್ಲೇ ತೆಗೆದುಕೊಳ್ಳಿ. ಆಸ್ತಿ ಪಟ್ಟಿಗಳು ಹೆಚ್ಚಾಗಿ ಬಿಷಪ್ಪರ ಕೋರ್ಟಿಗೆ ಹೋಗುತ್ತಿದ್ದವು, ಹಾಗಾಗಿ ಟಿಕೆಟ್ ಮಾಡಿಸುವ ಮುಂಚೆ ಊರು ಯಾವ ಬಿಷಪ್ಪರ ಕೆಳಗಿತ್ತು ಅಂತ ನೋಡಿ. ಡಡ್ಲಿ ವೂಸ್ಟರ್‌ಗೆ ಸೇರಿತ್ತು, ಹತ್ತಿರದ ವಾಲ್ಸಾಲ್ ಲಿಚ್‌ಫೀಲ್ಡ್‌ಗೆ, ಆ ಪಟ್ಟಿಗಳು ಈಗ ಸ್ಟಾಫರ್ಡ್‌ನಲ್ಲಿವೆ.